ಶಿಕಾರಿಯ ಊರಿನಲ್ಲಿ ಹಕ್ಕಿಗೆ ಅಭಯ ಕೊಡುವವರು ಯಾರು?

ಶಿಕಾರಿಪುರ ಎಂಬ ಹೆಸರಿನಲ್ಲೇ ಬೇಟೆ ಇದೆ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರ ಅನ್ನಿಸಿಕೊಂಡಿದ್ದ ಊರು ಇದು. ಆಮೇಲೆ ಹೈದರ್-ಟಿಪ್ಪು ಕಾಲದಲ್ಲಿ ಬೇಟೆಗೆ ಬಂದವರಿಗೆ ಇಲ್ಲಿ ಪ್ರಾಣಿಗಳು ಧಾರಾಳವಾಗಿ ಸಿಕ್ಕಿದ್ದರಿಂದ ಶಿಕಾರಿಪುರವಾಯಿತು ಎಂಬ ಪ್ರತೀತಿಯನ್ನು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಬಸ್ಸಿನ ಬೋರ್ಡಿನಲ್ಲಿ, ಪಹಣಿಯಲ್ಲಿ, ಶಾಲೆಯ ಟಿ.ಸಿ.ಯಲ್ಲಿ ದಿನಾ ಓದುವ ಹೆಸರಾದ್ದರಿಂದ ಅದರ ಅರ್ಥ ನಮ್ಮ ತಲೆಗೆ ಹೋಗುವುದೇ ಇಲ್ಲ.

ಇದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಇದಕ್ಕಿಂತ ಆರು ಶತಮಾನ ಹಳೆಯದಾದ ಇನ್ನೊಂದು ಮಾತು ಕಲ್ಲಿನ ಮೇಲಿದೆ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ಅದು. ಕೆರೆಯ ಕೋಡಿಯ ಬಳಿ ಇದ್ದುದರಿಂದಲೇ ಮಠಕ್ಕೆ ಆ ಹೆಸರು ಎನ್ನುತ್ತಾರೆ. ಅಲ್ಲಿ ವೇದ, ವ್ಯಾಕರಣ, ತರ್ಕ ಕಲಿಸುತ್ತಿದ್ದರು. ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ದೇಶದೇಶ ಸುತ್ತುವ ಭಿಕ್ಷುಕರಿಗೆ ತಡೆಯಿಲ್ಲದೆ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುತ್ತಿತ್ತು. ಇಷ್ಟೆಲ್ಲ ಹೇಳಿದ ಮೇಲೆ ಶಾಸನ ಕೊನೆಗೊಂದು ಮಾತು ಸೇರಿಸುತ್ತದೆ: ಇದು ಸಕಲ ಜೀವಿಗಳಿಗೂ ಅಭಯ ಕೊಡುವ ಜಾಗ ಎಂದು. ಮನುಷ್ಯರಿಗೆ ಮಾತ್ರವಲ್ಲ, ಜೀವ ಇರುವುದಕ್ಕೆಲ್ಲ.

ಒಂದೇ ತಾಲ್ಲೂಕಿನಲ್ಲಿ ಎರಡು ಆಸ್ತಿ. ಒಂದು ಶಿಕಾರಿಯದು, ಇನ್ನೊಂದು ಅಭಯದ್ದು. ಭಾನುವಾರ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹಕ್ಕಿ, ಪ್ರಾಣಿ ನೋಡಲು ಹೊರಡುವ ನಾವು ಈ ಎರಡರಲ್ಲಿ ಯಾವುದರ ವಾರಸುದಾರರು ಎಂಬುದು ಈ ಬರಹದ ಪ್ರಶ್ನೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಶಿಕಾರಿಪುರ ಮತ್ತು ಸೊರಬದ ಕುಟುಂಬಗಳು ತಮ್ಮದೇ ಕೆರೆಗಳಿಗೆ, ತಮ್ಮದೇ ಹಕ್ಕಿಗಳನ್ನು ನೋಡಲು ಹೋಗಬೇಕು. ವರ್ಷಕ್ಕೊಮ್ಮೆಯಾದರೂ ಹೋಗಬೇಕು. ಯಾಕೆಂದರೆ ನೋಡುವವರಿಲ್ಲದ ಕೆರೆ ಬೇಗ ಗದ್ದೆಯಾಗುತ್ತದೆ, ತೋಟವಾಗುತ್ತದೆ, ಲೇಔಟ್ ಆಗುತ್ತದೆ. ಆದರೆ ಈಗ ಹೋಗುತ್ತಿರುವ ರೀತಿಯಲ್ಲಿ ಹೋಗುವುದಾದರೆ ಹೋಗದಿರುವುದೇ ಮೇಲು.

ನಮ್ಮ ಬಂಗಲೆ-ತೋಟ ಯಾವುದು?

ಇಂಗ್ಲೆಂಡಿನಲ್ಲಿ ಹಳೆಯ ಜಮೀನುದಾರರ ದೊಡ್ಡ ಬಂಗಲೆಗಳು, ಅವುಗಳ ಸುತ್ತ ನೂರಾರು ಎಕರೆ ಹುಲ್ಲುಗಾವಲು, ಕೊಳ, ಕಾಡು ಇರುತ್ತವೆ. 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅಂಥ ಎಷ್ಟೋ ಆಸ್ತಿಗಳನ್ನು ನೋಡಿಕೊಳ್ಳುತ್ತಿದೆ. ರಜೆ ಬಂದರೆ ಅಲ್ಲಿನ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗಿ ಜಿಂಕೆ, ಬಾತುಕೋಳಿ, ಅಳಿಲು ನೋಡಿಕೊಂಡು ಬರುತ್ತಾರೆ. ಆ ಜಿಂಕೆಗಳ ಹುಲ್ಲುಗಾವಲಿಗೆ ಶತಮಾನಗಳ ಹಿಂದೆ ಬೇಲಿ ಹಾಕಿಸಿದವರು ದೊರೆಗಳು, ಅದೂ ಬೇಟೆಯಾಡಲಿಕ್ಕೆ. ಒಡೆಯರ ಬೇಟೆಯ ಜಾಗ ಈಗ ಮಕ್ಕಳು ಬೆರಳು ತೋರಿಸಿ ಹೆಸರು ಕೇಳುವ ಜಾಗವಾಗಿದೆ.

ನಮ್ಮಲ್ಲಿ ಅಂಥ ಬಂಗಲೆಗಳಿಲ್ಲ. ನಮ್ಮ ಹಿರಿಯರು ಬಿಟ್ಟುಹೋದ ದೊಡ್ಡ ಆಸ್ತಿ ಕೆರೆ. ತಾಳಗುಂದದ ಕಂಬದ ಶಾಸನವನ್ನು ಮಯೂರಶರ್ಮನ ಕಥೆಗಾಗಿ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಐದನೇ ಶತಮಾನದ ಆ ಕಂಬ ನಿಂತಿರುವ ಸಂದರ್ಭ ಒಂದು ಕೆರೆಯದು. ಕದಂಬ ದೊರೆ ಕಾಕುಸ್ಥವರ್ಮ ಶಿವಾಲಯದ ಬಳಿ ದೊಡ್ಡ ಕೆರೆ ತೋಡಿಸಿದ್ದನ್ನು ಅದು ಹೇಳುತ್ತದೆ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತದಲ್ಲಿ ಬರೆದ. ಒಂದು ರಾಜವಂಶದ ಇತಿಹಾಸ ನಮಗೆ ಉಳಿದು ಬಂದದ್ದು ಒಂದು ಕೆರೆಯ ನೆಪದಲ್ಲಿ.

ಬಿ.ಎಲ್. ರೈಸ್ ಈ ಭಾಗದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಮತ್ತು ಎಂಟನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಶಿಕಾರಿಪುರದವು ಏಳರಲ್ಲಿ, ಸೊರಬದವು ಎಂಟರಲ್ಲಿ ಇವೆ. ಆ ಪುಟಗಳಲ್ಲಿ ಕೆರೆ ಕಟ್ಟಿಸಿದವರು, ಕೆರೆಯ ಕೆಳಗಿನ ಗದ್ದೆ ಬಿಟ್ಟುಕೊಟ್ಟವರು ಮತ್ತೆ ಮತ್ತೆ ಎದುರಾಗುತ್ತಾರೆ. ಕೆರೆ ಕಟ್ಟಿದವರು ಹಕ್ಕಿಗೆಂದು ಕಟ್ಟಲಿಲ್ಲ, ಭತ್ತಕ್ಕೆಂದು ಕಟ್ಟಿದರು. ಏರಿ ಹಾಕಿ ನೀರು ನಿಲ್ಲಿಸಿದರೆ ಮೀನು, ಕಪ್ಪೆ, ಬಸವನಹುಳು ತಾವಾಗಿ ಬಂದವು. ಅವುಗಳ ಹಿಂದೆ ಹಕ್ಕಿ ಬಂತು. ಆದ್ದರಿಂದ ಈ ಸೀಮೆಯಲ್ಲಿ ಇತಿಹಾಸ ನೋಡುವ ಜಾಗ ಬೇರೆ, ವನ್ಯಜೀವಿ ನೋಡುವ ಜಾಗ ಬೇರೆ ಎಂಬ ವಿಂಗಡಣೆಗೆ ಅರ್ಥವಿಲ್ಲ.

ಬಳ್ಳಿಗಾವಿಗೆ ಮಕ್ಕಳನ್ನು ಕರೆದೊಯ್ದರೆ ಇನ್ನೊಂದು ಹಕ್ಕಿಯೂ ಸಿಗುತ್ತದೆ. ಭೇರುಂಡೇಶ್ವರ ಕಂಬದ ಗಂಡಭೇರುಂಡ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬ ಅದು. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವುದೂ ಗಂಡಭೇರುಂಡವೇ. ಇಲ್ಲದ ಹಕ್ಕಿಯೊಂದನ್ನು ಸರ್ಕಾರಿ ಕಾಗದದ ನೆತ್ತಿಯ ಮೇಲೆ ಹೊತ್ತು ತಿರುಗುವ ನಾವು, ಇರುವ ಹಕ್ಕಿಗಳ ಹೆಸರು ಮರೆಯುತ್ತಿದ್ದೇವೆ.

ಗುಡವಿಯ ಲೆಕ್ಕ

ಇರುವ ಹಕ್ಕಿಗಳನ್ನು ನೋಡಲು ಸೊರಬ ತಾಲ್ಲೂಕಿನ ಗುಡವಿಗಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಸೊರಬದಿಂದ ಸುಮಾರು 16 ಕಿ.ಮೀ. ದೂರ. 1989ರಲ್ಲಿ ಅಭಯಾರಣ್ಯವೆಂದು ಘೋಷಣೆಯಾಯಿತು. ಅಭಯಾರಣ್ಯ ಅಂದಾಕ್ಷಣ ನಾಗರಹೊಳೆ, ಬಂಡೀಪುರದಂಥದ್ದನ್ನು ಕಲ್ಪಿಸಿಕೊಳ್ಳಬೇಡಿ. ಇದರ ವಿಸ್ತೀರ್ಣ 73 ಹೆಕ್ಟೇರ್ ಚಿಲ್ಲರೆ, ಅಂದರೆ ಸುಮಾರು 180 ಎಕರೆ. ಒಂದು ಕೆರೆ, ಅದರೊಳಗಿನ ಮರಗಳು, ಸುತ್ತ ಒಂದಿಷ್ಟು ಕಾಡು. ಅಷ್ಟರಲ್ಲೇ 2009ರ ಗಣತಿಯಲ್ಲಿ 48 ಕುಟುಂಬಗಳಿಗೆ ಸೇರಿದ 217 ಬಗೆಯ ಹಕ್ಕಿಗಳು ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ 63 ಬಗೆಯವು ನೀರನ್ನೇ ನಂಬಿದವು.

ಇಲ್ಲಿಯ ವಿಶೇಷ ಗೂಡು. ಮುಂಗಾರು ಹಿಡಿದು ಕೆರೆ ತುಂಬಿದ ಮೇಲೆ, ನೀರಿನ ನಡುವೆ ನಿಂತ ಹೊಳೆಲಕ್ಕಿಯಂಥ ಮರಗಳ ಮೇಲೆ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿ, ಇರುಳು ಬಕ ಎಲ್ಲ ಒಂದರ ಪಕ್ಕ ಒಂದು ಗೂಡು ಕಟ್ಟುತ್ತವೆ. ನಮ್ಮ ವಠಾರಗಳ ಹಾಗೆ, ಜಗಳ ಮಾಡಿಕೊಂಡೇ ಒಟ್ಟಿಗಿರುತ್ತವೆ. ಮಳೆಗಾಲದಲ್ಲೇ ಯಾಕೆ? ಮರಿಗೆ ಬೇಕಾದ ಸಣ್ಣ ಮೀನು, ಕಪ್ಪೆ, ಹುಳು ಆಗ ಹೇರಳ. ಮರದ ಸುತ್ತ ನೀರಿದ್ದರೆ ಕಾಡುಬೆಕ್ಕು, ನಾಯಿ ಬುಡಕ್ಕೆ ಬರಲಾರವು. ಕೆರೆಯ ನೀರೇ ಅವುಗಳ ಕೋಟೆಯ ಕಂದಕ. ನೀರು ಬೇಗ ಇಳಿದ ವರ್ಷ ಕೋಟೆಯ ಬಾಗಿಲು ತೆರೆದ ಹಾಗೆ.

ಆದ್ದರಿಂದ ಏಪ್ರಿಲ್-ಮೇ ರಜೆಯಲ್ಲಿ ಗುಡವಿಗೆ ಹೋಗಿ "ಏನೂ ಇಲ್ಲ ಮಾರಾಯ್ರೆ" ಎಂದು ವಾಪಸಾಗುವವರ ದೂರಿಗೆ ಆಧಾರವಿಲ್ಲ. ಜೂನ್‌ನಿಂದ ನವೆಂಬರ್ ಇದರ ಕಾಲ. ಬೆಳಿಗ್ಗೆ ಬೇಗ ಹೋದರೆ ಮೇವಿಗೆ ಹೊರಡುವ ಸಾಲುಗಳು, ಸಂಜೆ ಹೋದರೆ ಮರಳುವ ಸಾಲುಗಳು ಕಾಣುತ್ತವೆ. ನಡು ಮಧ್ಯಾಹ್ನ ಹಕ್ಕಿಗೂ ವಿಶ್ರಾಂತಿ. ನಮ್ಮ ಸಲಹೆ ಕೇಳುವುದಾದರೆ ಬೆಳಿಗ್ಗೆ ಗುಡವಿ, ಊಟದ ಹೊತ್ತಿಗೆ ಸೊರಬ, ಮಧ್ಯಾಹ್ನ ತಾಳಗುಂದ ಮತ್ತು ಬಳ್ಳಿಗಾವಿ, ಸಂಜೆ ನಿಮ್ಮೂರಿನ ಕೆರೆ ಏರಿ. ಆ ಕೊನೆಯ ನಿಲ್ದಾಣವನ್ನು ಬಿಡಬೇಡಿ. ಗುಡವಿಯಲ್ಲಿ ಕಂಡ ಹಕ್ಕಿಗಳಲ್ಲಿ ನಾಲ್ಕಾರು ನಿಮ್ಮೂರಿನಲ್ಲೇ ಸಿಗುತ್ತವೆ ಎಂದು ಮಕ್ಕಳಿಗೆ ಗೊತ್ತಾಗುವುದು ಅಲ್ಲೇ.

ಇಂಥ ದಿನದಲ್ಲಿ ಗೈಡ್ ಯಾರಾಗಬೇಕು ಎಂಬುದಕ್ಕೂ ಉತ್ತರ ಮನೆಯಲ್ಲೇ ಇದೆ. ನಮ್ಮ ಬಳಗದ ಕೆಲವರ ಮನೆಯವರೆಲ್ಲ ಸೇರಿ ಹೋದಾಗ ಕಂಡದ್ದು: ಮೊಬೈಲಿನ ಆ್ಯಪ್ ಇಂಗ್ಲಿಷ್ ಹೆಸರು ಹುಡುಕಿ ಮುಗಿಸುವುದರೊಳಗೆ ಅಜ್ಜಿಯರು ಹೇಳಿಬಿಟ್ಟಿದ್ದರು.

"ಅಜ್ಜಿ, ಅದು ನೀರೊಳಗೆ ಹಾವು ಅಲ್ವಾ?"

"ಹಾವಲ್ಲ ಕಣೋ, ಹಾವಕ್ಕಿ. ಮೈ ಒಳಗಿಟ್ಟು ಕುತ್ತಿಗೆ ಮಾತ್ರ ಮೇಲಿಡ್ತದೆ. ತಡಿ, ಈಗ ಮರ ಹತ್ತಿ ರೆಕ್ಕೆ ಒಣಗಿಸ್ತದೆ ನೋಡು."

ಹಾಗೆಯೇ ಆಯಿತು. ಹಾವಕ್ಕಿ, ನೀರುಕಾಗೆಗಳ ಗರಿ ಬಾತಿನ ಗರಿಯಂತೆ ನೀರನ್ನು ಪೂರ್ತಿ ಹೊರಗಿಡುವುದಿಲ್ಲ. ನೆನೆದ ಗರಿಯ ಭಾರ ಮುಳುಗಿ ಮೀನು ಹಿಡಿಯಲು ಅನುಕೂಲ. ಆದರೆ ಆಮೇಲೆ ಬಿಸಿಲಿಗೆ ರೆಕ್ಕೆ ಹರಡಲೇಬೇಕು. ಈ ವಿವರಣೆ ಪುಸ್ತಕದ್ದು. ಹೆಸರು, ನಡವಳಿಕೆ, ಮುಂದೇನಾಗುತ್ತದೆ ಎಂಬ ತಿಳಿವಳಿಕೆ ಅಜ್ಜಿಯದು. ಕೆಂಬೂತ, ಟಿಟ್ಟಿಭ, ಗೀಜಗ, ಮಿಂಚುಳ್ಳಿ, ದೇವನಕ್ಕಿ, ಗೊರವಂಕ: ಇವೆಲ್ಲ ಗದ್ದೆಯಲ್ಲಿ ಬಾಗಿ ನಾಟಿ ಮಾಡಿದವರ ಬಾಯಲ್ಲಿ ಉಳಿದಿರುವ ಮಾತುಗಳು. ಅವರು ಹೋದ ಮೇಲೆ ಅವು ಉಳಿಯುವ ಭರವಸೆ ಇಲ್ಲ. ಇನ್ನೊಂದು ಮಾತು. ನಮ್ಮ ಹಳ್ಳಿಮನೆಗಳ ಹೆಂಗಸರು ಹೊರಗೆ ಹೊರಡುವುದು ಹೆಚ್ಚಾಗಿ ಜಾತ್ರೆಗೆ, ಮದುವೆಗೆ, ಆಸ್ಪತ್ರೆಗೆ. ಯಾವ ಹರಕೆಯೂ ಇಲ್ಲದೆ, ಯಾರಿಗೂ ಬಡಿಸುವ ಕೆಲಸವಿಲ್ಲದೆ, ತಮಗೆ ಗೊತ್ತಿರುವುದನ್ನು ಹೇಳಿ ಮೊಮ್ಮಕ್ಕಳ ಕಣ್ಣರಳಿಸುವ ದಿನ ಅವರಿಗೆ ಎಷ್ಟು ಸಿಗುತ್ತದೆ?

ಕೋವಿ ಹೋಯಿತು, ಶಿಕಾರಿ ಉಳಿಯಿತು

ಈಗ ಕಹಿಯಾದ ಭಾಗ. ಹಕ್ಕಿಧಾಮಗಳಿಗೆ, ಕೆರೆಗಳಿಗೆ ಬರುವವರ ನಡವಳಿಕೆ ನೋಡಿದವರಿಗೆ ಇದು ಹೊಸದಲ್ಲ. ಹಕ್ಕಿ ಕೂತಿದ್ದರೆ ಫೋಟೊ ಚೆನ್ನಾಗಿ ಬರುವುದಿಲ್ಲವೆಂದು ಚಪ್ಪಾಳೆ ತಟ್ಟಿ ಎಬ್ಬಿಸುತ್ತಾರೆ. ಚಪ್ಪಾಳೆಗೆ ಏಳದಿದ್ದರೆ ಕಲ್ಲು. ಕಾರಿನ ಬಾಗಿಲು ತೆರೆದಿಟ್ಟು ಹಾಡು ಹಾಕುತ್ತಾರೆ. ಮದುವೆಗೆ ಮುಂಚಿನ ಫೋಟೊ ತೆಗೆಸುವವರು ಡ್ರೋನ್ ಹಾರಿಸುತ್ತಾರೆ. ಕುರ್‌ಕುರೆ ಪ್ಯಾಕೆಟ್ಟು, ನೀರಿನ ಬಾಟಲಿ, ಥರ್ಮೋಕೋಲ್ ತಟ್ಟೆ ಕೆರೆಗೆ ಬೀಳುತ್ತವೆ.

ಗೂಡಿನ ಕಾಲದಲ್ಲಿ ಒಂದು ಕಲ್ಲು ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ತಾಯಿ-ತಂದೆ ಹಕ್ಕಿಗಳು ಗಾಬರಿಯಾಗಿ ಎದ್ದು ಹಾರುತ್ತವೆ. ಮೊಟ್ಟೆ, ಗರಿ ಮೂಡದ ಮರಿ ಬಯಲಿಗೆ ಬೀಳುತ್ತವೆ. ಕಾಗೆ, ಹದ್ದು ಇಂಥದ್ದಕ್ಕೇ ಕಾದಿರುತ್ತವೆ. ಮಳೆ ಬಂದರೆ ಮರಿ ನೆನೆದು ಸಾಯುತ್ತದೆ, ಬಿಸಿಲು ಬಿದ್ದರೆ ಬೆಂದು ಸಾಯುತ್ತದೆ. ಕಲ್ಲು ಎಸೆದವರಿಗೆ ಇದಾವುದೂ ಕಾಣುವುದಿಲ್ಲ. ಅವರ ಮೊಬೈಲಿನಲ್ಲಿ ಹಾರುವ ಹಕ್ಕಿಗಳ ಚೆಂದದ ವಿಡಿಯೊ ಇರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದಕ್ಕೆ ಕೊಡುವ ಅರ್ಥವನ್ನು ಓದಿದರೆ ಬೆಚ್ಚಿ ಬೀಳುತ್ತೀರಿ. ಕೊಲ್ಲುವುದು, ಹಿಡಿಯುವುದು ಮಾತ್ರ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಕಾನೂನಿನ ಕಣ್ಣಲ್ಲಿ ಬೇಟೆಯೇ. ಅಂದರೆ ಗೂಡಿನ ಮರದತ್ತ ಕಲ್ಲು ಬೀರುವ ಯುವಕ, ಅದನ್ನು ನೋಡಿ ನಗುವ ಅಪ್ಪ, ತಮಗೇ ಗೊತ್ತಿಲ್ಲದೆ ಶಿಕಾರಿಗೆ ಬಂದವರು. ಕೋವಿಯ ಜಾಗಕ್ಕೆ ಮೊಬೈಲು ಬಂದಿದೆ. ಬೇಟೆಯ ಮನಸ್ಸು ಹಾಗೇ ಇದೆ.

ಹಾಗಾದರೆ ಜನರನ್ನೇ ಬಿಡಬಾರದು, ಗೇಟು ಹಾಕಬೇಕು ಎನ್ನುವವರಿದ್ದಾರೆ. ಗೂಡಿನ ಮರಗಳ ಹತ್ತಿರ ಯಾರೂ ಹೋಗದಂತೆ ತಡೆಯುವುದು ಸರಿಯೇ. ಆದರೆ ಜನರನ್ನು ಪೂರ್ತಿ ಹೊರಗಿಟ್ಟು ಉಳಿಸಬಹುದು ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಅದಕ್ಕೆ ಕಾರಣ ಗುಡವಿಯ ಬೇಲಿಯ ಹೊರಗಿದೆ.

ಹಕ್ಕಿಯ ಅಡುಗೆಮನೆ ನಮ್ಮ ಗದ್ದೆ

180 ಎಕರೆಯಲ್ಲಿ ಸಾವಿರಾರು ಹಕ್ಕಿಗಳು ಮಲಗಬಹುದು, ಗೂಡು ಕಟ್ಟಬಹುದು. ಅಷ್ಟೂ ಹಕ್ಕಿಗಳಿಗೆ, ಅವುಗಳ ಮರಿಗಳಿಗೆ ಊಟ ಅಲ್ಲೇ ಸಿಗುವುದಿಲ್ಲ. ಬೆಳಿಗ್ಗೆ ಸಾಲು ಕಟ್ಟಿ ಹಾರುವ ಕೆಂಬರಲುಗಳು ಹೋಗುವುದು ಸುತ್ತಲ ಊರುಗಳ ಗದ್ದೆಗೆ, ಸಣ್ಣ ಕೆರೆಗಳಿಗೆ, ಹಳ್ಳದ ಅಂಚಿಗೆ. ಬಾಗಿದ ಉದ್ದ ಕೊಕ್ಕನ್ನು ಕೆಸರಿಗಿಳಿಸಿ ಹುಳು, ಕಪ್ಪೆ, ಏಡಿ ಹೆಕ್ಕುತ್ತವೆ. ಬಾಯ್ಕಳಕ ಕೊಕ್ಕರೆ ಬಸವನಹುಳುವನ್ನೇ ಹುಡುಕಿ ತಿನ್ನುತ್ತದೆ. ಟಿಲ್ಲರಿನ ಹಿಂದೆ ಬೆಳ್ಳಕ್ಕಿ ನಡೆಯುವುದನ್ನು ನೋಡದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಗುಡವಿ ಈ ಹಕ್ಕಿಗಳ ಮಲಗುವ ಕೋಣೆ, ಬಾಣಂತಿ ಕೋಣೆ. ಅಡುಗೆಮನೆ ಊರೂರಿನ ಗದ್ದೆಯಲ್ಲಿದೆ.

ಆ ಅಡುಗೆಮನೆ ಕಿರಿದಾಗುತ್ತಿದೆ. ಭತ್ತದ ಗದ್ದೆಗಳಲ್ಲಿ ಅಡಿಕೆ ಏಳುತ್ತಿದೆ. ಶಿಕಾರಿಪುರದ ಕಡೆ ಜೋಳ, ಸೊರಬದ ಕಡೆ ಶುಂಠಿ ಜಾಗ ಹಿಡಿದಿವೆ. ರೈತರನ್ನು ದೂರಿ ಪ್ರಯೋಜನವಿಲ್ಲ. ಭತ್ತಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಉಳಿಯುವುದಿಲ್ಲ. ಅಡಿಕೆ ಮಗಳ ಮದುವೆ ಮಾಡಿಸುತ್ತದೆ, ಮಗನ ಫೀಸು ಕಟ್ಟುತ್ತದೆ. ಆದರೆ ಗದ್ದೆ ತೋಟವಾದಂತೆ ಕೆರೆಯ ನೀರಿನ ಮೇಲೆ ಊರಿಗಿದ್ದ ಒಟ್ಟು ಆಸಕ್ತಿ ಕರಗುತ್ತದೆ. ತೋಟಕ್ಕೆ ಬೋರ್‌ವೆಲ್ ಇದೆ. ತೂಬು ಎತ್ತುವವರು, ಕಾಲುವೆ ಸವರುವವರು ಬೇಕಿಲ್ಲ. ಯಾರಿಗೂ ಬೇಡವಾದ ಕೆರೆಯ ಅಂಗಳಕ್ಕೆ ಪಕ್ಕದ ಬೇಲಿ ವರ್ಷಕ್ಕೆ ಎರಡು ಮಾರು ಸರಿಯುತ್ತದೆ. ಪತ್ರಿಕೆಗಳಲ್ಲಿ ಕೆರೆ ಸುದ್ದಿಯಾಗುವುದು ಏರಿ ಒಡೆದಾಗ ಅಥವಾ ಯಾರಾದರೂ ಮುಳುಗಿದಾಗ. ಬೇಲಿ ಸರಿಯುವುದು ಸುದ್ದಿಯಾಗುವುದಿಲ್ಲ. ಅದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ.

ಇಲ್ಲಿಯೇ ಕುಟುಂಬದ ಒಂದು ದಿನದ ತಿರುಗಾಟಕ್ಕೆ ಬೆಲೆ ಬರುವುದು. ಹೋದ ವರ್ಷ ಇಲ್ಲಿ ದೇವನಕ್ಕಿ ತಾವರೆ ಎಲೆಯ ಮೇಲೆ ನಡೆಯುತ್ತಿತ್ತು, ಈ ವರ್ಷ ತಾವರೆಯೂ ಇಲ್ಲ ಹಕ್ಕಿಯೂ ಇಲ್ಲ ಎಂದು ಹೇಳಬಲ್ಲ ಒಬ್ಬ ಹುಡುಗಿ ಊರಿನಲ್ಲಿದ್ದರೆ ಆ ಕೆರೆಗೆ ಸಾಕ್ಷಿ ಇದ್ದಂತೆ. ಸರ್ವೆಯರ್ ಬರುವುದು ಹತ್ತು ವರ್ಷಕ್ಕೊಮ್ಮೆ ಆಗಬಹುದು. ಮಕ್ಕಳು ಪ್ರತಿ ವರ್ಷ ಹೋಗಬಹುದು.

"ಹಕ್ಕಿ ನೋಡುವುದು ಪೇಟೆಯವರ ಶೋಕಿ, ನಮಗೆ ಮಂಗ, ಹಂದಿ, ನವಿಲು ಓಡಿಸಿಯೇ ಸಾಕಾಗಿದೆ" ಎಂಬ ಮಾತನ್ನು ನಮ್ಮ ಊರುಗಳಲ್ಲಿ ಕೇಳುತ್ತೇವೆ. ಈ ಮಾತನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ರಾತ್ರಿಯೆಲ್ಲ ಜೋಳದ ಹೊಲದ ಅಟ್ಟಣಿಗೆಯ ಮೇಲೆ ಕೂತು ಹಂದಿ ಕಾದವನಿಗೆ ವನ್ಯಜೀವಿ ಸಪ್ತಾಹದ ಭಾಷಣ ಹಿಡಿಸುವುದಿಲ್ಲ. ಬೆಳೆ ಕಳೆದುಕೊಂಡವರಿಗೆ ಪರಿಹಾರ ಸಕಾಲಕ್ಕೆ ಸಿಗಬೇಕು ಎಂಬುದು ಹಕ್ಕಿಪ್ರೇಮಿಗಳ ಬೇಡಿಕೆಯೂ ಆಗಬೇಕು. ಆಗದಿದ್ದರೆ ಅವರ ಪ್ರೇಮವನ್ನು ರೈತ ನಂಬಬೇಕಾಗಿಲ್ಲ.

ಆದರೆ ಅದೇ ರೈತನ ಮನೆಯಲ್ಲಿ ಭೂಮಿ ಹುಣ್ಣಿಮೆ ಹೇಗೆ ನಡೆಯುತ್ತದೆ ನೋಡಿ. ದಸರಾ ಕಳೆದ ಹುಣ್ಣಿಮೆಗೆ, ಭತ್ತ ಹೊಡೆಗಟ್ಟುವ ಹೊತ್ತಿಗೆ, ಚಿತ್ತಾರದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಬಸುರಿ ಭೂಮಿಗೆ ಬಯಕೆಯೂಟ ಬಡಿಸಲು ಗದ್ದೆಗೆ ಹೋಗುತ್ತೇವೆ. ಚರಗ ಬೀರುತ್ತೇವೆ. ಕಾಗೆಗೂ ಎಡೆ, ಇಲಿಗೂ ಎಡೆ. ವರ್ಷವಿಡೀ ಇಲಿಗೆ ಬೋನು ಇಡುವ ಕೈ ಆ ದಿನ ಇಲಿಗೂ ಒಂದು ಪಾಲು ಇಡುತ್ತದೆ. ಇದು ಪೇಟೆಯಿಂದ ಬಂದ ಶೋಕಿಯಲ್ಲ. ಬಳ್ಳಿಗಾವಿಯ ಶಾಸನ ಕಲ್ಲಿನ ಮೇಲೆ ಹೇಳಿದ ಮಾತನ್ನು ನಮ್ಮ ಮನೆಗಳು ಕೆಸರಿನಲ್ಲಿ ನಿಂತು ನಡೆಸಿಕೊಂಡು ಬಂದಿವೆ. ಕಿರಿಕಿರಿಯನ್ನೂ ಪಾಲನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ನಮಗೆ ಗೊತ್ತಿರುವ ವಿದ್ಯೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ವಿದ್ಯೆ ಊರಿನ ಹೆಸರಿಗೇ ಸೇರಿದೆ. ಮನೆಗಳ ನಡುವಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕಾಣುತ್ತಾರೆ. ಮರದ ಕೆಳಗೆ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಕಾಗದದ ಘೋಷಣೆಗಿಂತ ಎಷ್ಟೋ ತಲೆಮಾರು ಮೊದಲೇ ಊರು ಅಭಯ ಕೊಟ್ಟಾಗಿತ್ತು.

ಏನು ಮಾಡಬಹುದು?

ದೊಡ್ಡ ಯೋಜನೆ, ಗಾಜಿನ ಸೇತುವೆ, ರೆಸಾರ್ಟ್ ಯಾವುದೂ ಬೇಡ. ನಮ್ಮ ಬೇಡಿಕೆಗಳು ಸಣ್ಣವು.

ಮೊದಲನೆಯದು ಶಾಲೆಗಳಿಗೆ. ಪ್ರವಾಸ ಎಂದರೆ ಡಿಸೆಂಬರಿನಲ್ಲಿ ರಾತ್ರಿ ಬಸ್ಸು ಹತ್ತಿ ಮೈಸೂರಿನ ಮೃಗಾಲಯಕ್ಕೆ ಹೋಗುವುದು ಎಂಬ ರೂಢಿ ಇರಲಿ. ಅದರ ಜೊತೆಗೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಅರ್ಧ ದಿನ ಗುಡವಿಗೆ, ಇನ್ನರ್ಧ ದಿನ ಬಳ್ಳಿಗಾವಿಗೆ ಹೋಗಲಿ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮಗಳನ್ನು ನಮ್ಮ ಕೆರೆಗಳಿಗೂ ಕರೆತರಲಿ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಶಾಲೆಯ ಬೀರುವಿನಿಂದ ಹೊರಬಂದು ಕೆರೆ ಏರಿಯ ಮೇಲೆ ತೆರೆದುಕೊಳ್ಳಲಿ.

ಎರಡನೆಯದು ಗ್ರಾಮ ಪಂಚಾಯಿತಿಗಳಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹಕ್ಕಿ, ಪ್ರಾಣಿಗಳ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಅದು ಜನರ ಜೊತೆ ಕೂತು ಬರೆಯಬೇಕು. ಅದು ಏಜೆನ್ಸಿಯವರು ಒಮ್ಮೆ ಬರೆದು ಮುಚ್ಚಿಡುವ ಪುಸ್ತಕವಾಗಬಾರದು. ಕುಟುಂಬಗಳು ಕೆರೆಗೆ ಹೋಗಿ ಕಂಡ ಹಕ್ಕಿಗಳ ಪಟ್ಟಿಯನ್ನು ಪಂಚಾಯಿತಿಗೆ ಕೊಡುವಂತಾಗಲಿ. ಗ್ರಾಮಸಭೆಯಲ್ಲಿ ಕೆರೆಯ ಒತ್ತುವರಿ ಮಾತು ಬಂದಾಗ ಆ ಪಟ್ಟಿ ಮೇಜಿನ ಮೇಲಿರಲಿ.

ಮೂರನೆಯದು ನಮಗೇ. ಹೋಗುವಾಗ ಬೈನಾಕ್ಯುಲರ್ ಒಂದನ್ನು ನಾಲ್ಕು ಮನೆಯವರು ಸೇರಿ ಕೊಂಡರೂ ಸಾಕು. ಸಣ್ಣ ನೋಟ್‌ಬುಕ್ ಇರಲಿ: ದಿನಾಂಕ, ಊರು, ನೀರು ಎಷ್ಟಿದೆ, ಯಾವ ಹಕ್ಕಿ, ಎಷ್ಟು. ಕನ್ನಡದ ಹೆಸರು ಬರೆಯಿರಿ, ಮನೆಯಲ್ಲಿ ಹೇಳುವ ಹೆಸರು ಬೇರೆ ಇದ್ದರೆ ಅದನ್ನೂ ಬರೆಯಿರಿ. ಬಣ್ಣಬಣ್ಣದ ಜರತಾರಿ ಬೇಡ, ಮಣ್ಣಿನ ಬಣ್ಣದ ಬಟ್ಟೆ ಇರಲಿ. ಬುತ್ತಿಯನ್ನು ಹಕ್ಕಿಯ ಮರಗಳಿಂದ ದೂರ ಬಿಚ್ಚಿ, ಎಲೆಯೂ ಪ್ಯಾಕೆಟ್ಟೂ ಹಿಂದಕ್ಕೆ ಬರಲಿ. ಮಾತು ಪಿಸುಗುಟ್ಟುವಷ್ಟೇ ಇರಲಿ. ಯಾರಾದರೂ ಕಲ್ಲೆತ್ತಿದರೆ ಸುಮ್ಮನಿರಬೇಡಿ. "ಬೇಡ ಅಣ್ಣ, ಗೂಡಿದೆ" ಎಂದು ನಿಮ್ಮ ಮಗು ಹೇಳಿದರೆ ಹೆಚ್ಚಿನವರ ಕೈ ತಾನಾಗಿ ಇಳಿಯುತ್ತದೆ.

ಗೂಡಿನ ಕಾಲ ನಮಗೆ ನಾಟಿಯ ಕಾಲವೂ ಹೌದು, ಜುಲೈ-ಆಗಸ್ಟಿನಲ್ಲಿ ರೈತ ಮನೆಗಳಿಗೆ ಬಿಡುವೆಲ್ಲಿ ಎಂದು ಕೇಳಬಹುದು. ನಿಜ. ಅದಕ್ಕೇ ನಾವು ದಸರಾ ರಜೆಯಿಂದ ಭೂಮಿ ಹುಣ್ಣಿಮೆವರೆಗಿನ ದಿನಗಳನ್ನ ಸೂಚಿಸುತ್ತೇವೆ. ನಾಟಿ, ಕಳೆ ಎರಡೂ ಮುಗಿದಿರುತ್ತವೆ, ಕೊಯ್ಲು ಇನ್ನೂ ಬಂದಿರುವುದಿಲ್ಲ. ಮಕ್ಕಳು ಮನೆಯಲ್ಲಿರುತ್ತಾರೆ. ಕೆರೆಯಲ್ಲಿ ನೀರು ಇರುತ್ತದೆ. ದೊಡ್ಡದಾದ ಮರಿಗಳು ರೆಕ್ಕೆ ಬಡಿದು ಕೊಂಬೆಯಿಂದ ಕೊಂಬೆಗೆ ಹಾರಾಟ ಕಲಿಯುತ್ತಿರುತ್ತವೆ. ಗದ್ದೆಯಲ್ಲಿ ಕಾಗೆಗೆ ಎಡೆ ಇಟ್ಟ ವಾರದಲ್ಲೇ ಕೆರೆಯ ಏರಿಗೂ ಒಂದು ಹೆಜ್ಜೆ ಹಾಕುವುದು ನಮ್ಮ ಮನೆಗಳಿಗೆ ಹೊಸ ಆಚರಣೆ ಅನ್ನಿಸಲಾರದು.

ಊರಿನ ಹೆಸರು ಬದಲಿಸಿ ಎಂದು ನಾವು ಕೇಳುತ್ತಿಲ್ಲ. ಶಿಕಾರಿಪುರ ಶಿಕಾರಿಪುರವಾಗಿಯೇ ಇರಲಿ, ಬೇಟೆಯೂ ನಮ್ಮ ಇತಿಹಾಸವೇ. ಆದರೆ 1162ರಲ್ಲಿ ಇದೇ ನೆಲದ ಜನ ಯಾವ ಜೀವಕ್ಕೂ ಇಲ್ಲಿ ಭಯವಿಲ್ಲ ಎಂದು ಕಲ್ಲಿನಲ್ಲಿ ಬರೆಸಿದ್ದರು. ಮಠ ಹೋಯಿತು, ಅದನ್ನು ನಡೆಸಿದವರೂ ಹೋದರು. ಆ ಮಾತನ್ನು ಉಳಿಸಿಕೊಳ್ಳುವ ಕೆಲಸ ಈಗ ಕೆರೆ ಏರಿಯ ಮೇಲೆ ಮೊಮ್ಮಕ್ಕಳ ಕೈ ಹಿಡಿದು ನಿಲ್ಲುವವರದು. ಈ ಸಲದ ದಸರಾ ರಜೆಗೆ ನಿಮ್ಮೂರಿನ ಕೆರೆಗೆ ಹೋಗಿ ಬನ್ನಿ. ಎಷ್ಟು ಬಗೆಯ ಹಕ್ಕಿ ಕಂಡಿರಿ, ಬೇಲಿ ಎಲ್ಲಿಗೆ ಬಂದಿದೆ, ಎರಡನ್ನೂ ಬರೆದು ಕಳಿಸಿ. ಎರಡನ್ನೂ ಪ್ರಕಟಿಸುತ್ತೇವೆ.